ಎಚ್ಚರಿಕೆಯನ್ನು ಆರಿಸುವ ಸ್ವಿಚ್ಚು ಎಲ್ಲಿರಬೇಕು?

ಶುಕ್ರವಾರ ಸಂಜೆ ಪುಣೆಯ ಹಿಂಜವಡಿಯ ಕಚೇರಿಗಳಲ್ಲಿ ನಮ್ಮ ಕಡೆಯ ಹುಡುಗರಿಗೆ ಊರಿನ ಬಸ್ಸಿನದೇ ಧ್ಯಾನ. ನಾನು ಹಿಂದೆ ಇದ್ದ ಕಂಪನಿಯಲ್ಲಿ ವಿಜಯಪುರದ ಕಿರಿಯನೊಬ್ಬ ಅಂಥದೇ ಸಂಜೆ ಒಂದು ಎಡವಟ್ಟು ಮಾಡಿ ಬಸ್ಸು ಹತ್ತಿದ.

ಅಲ್ಲಿದ್ದುದು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 5.30ನೇ ಆವೃತ್ತಿ. ಫಂಕ್ಷನ್ನಿನ ಹೆಸರಿನ ಪಕ್ಕದಲ್ಲೇ ಆರ್ಗ್ಯುಮೆಂಟುಗಳನ್ನು, ಅಂದರೆ ಅದಕ್ಕೆ ಕೊಡಬೇಕಾದ ಮಾಹಿತಿಯ ಹೆಸರುಗಳನ್ನು, ಬರೆಯುವ ಸಿಗ್ನೇಚರ್ ಸೌಲಭ್ಯ ಪರ್ಲ್‌ಗೆ ಬಂದದ್ದು 2014ರ 5.20ರಲ್ಲಿ; ‘ಪ್ರಾಯೋಗಿಕ’ ಎಂಬ ಹಣೆಪಟ್ಟಿ ಕಳಚಿದ್ದು 2022ರ 5.36ರಲ್ಲಿ. ನಡುವಿನ ಆವೃತ್ತಿಗಳಲ್ಲಿ ಅದನ್ನು ಬಳಸಿದರೆ ‘ಇದು ಪ್ರಾಯೋಗಿಕ’ ಎಂದು ಪರ್ಲ್ ತೆರೆಯ ಮೇಲೆ ಕೊಡುವ ಎಚ್ಚರಿಕೆ ತಪ್ಪಿದ್ದಲ್ಲ. ಎಲ್ಲರಿಗೂ ಸಿಗ್ನೇಚರ್ ಚಾಲೂ ಮಾಡಿಕೊಡುವ ಪುಟ್ಟ ಮಾಡ್ಯೂಲನ್ನು (ಬೇರೆ ಫೈಲುಗಳು ಎಳೆದುಕೊಂಡು ಬಳಸುವ ಕೋಡ್ ಫೈಲು) ಆತ ಬರೆದ, ಎಚ್ಚರಿಕೆ ಆರಿಸುವ ಸಾಲನ್ನು ಅದರ ನೆತ್ತಿಯ ಮೇಲಿಟ್ಟ. ಗದ್ದಲ ನಿಲ್ಲಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು; ಕಮಾಂಡಿಗೆ ದೊಡ್ಡಕ್ಷರದ ಎಕ್ಸ್ ಸೇರಿಸಿ ಹೊರಟ.

ಆ ಸ್ವಿಚ್ಚು ಎಲ್ಲ ಎಚ್ಚರಿಕೆಗಳ ಬಾಯಿಯನ್ನೂ ಹೊಲಿದುಬಿಡುತ್ತದೆ. ಶನಿವಾರ ರಾತ್ರಿ ಬಿಲ್ಲುಗಳು ಸಿದ್ಧವಾದವು. ದರವನ್ನೇ ತುಂಬದ ಸಾಲುಗಳನ್ನು ಪರ್ಲ್ ಸೊನ್ನೆಯೆಂದು ಕೂಡಿಸಿಕೊಂಡಿತ್ತು. ಹಾಗೆ ಕೂಡಿಸುವಾಗ ‘ಇದರಲ್ಲಿ ಬೆಲೆಯೇ ಇಲ್ಲ’ ಎಂದು ಕೂಗಬೇಕಾದ ಎಚ್ಚರಿಕೆಗೂ ಅಂದು ಬಾಯಿ ಇರಲಿಲ್ಲ.

ಪರ್ಲ್‌ನ ಎಚ್ಚರಿಕೆಗಳು ಲೆಕ್ಸಿಕಲ್. ಆರಿಸುವ ಸಾಲಿನ ಅಧಿಕಾರ ತನ್ನ ಬ್ಲಾಕಿನ ಅಥವಾ ಫೈಲಿನ ಕೊನೆಯವರೆಗೆ ಮಾತ್ರ. ಮಾಡ್ಯೂಲಿನ ನೆತ್ತಿಯ ಮೇಲೆ ಬರೆದದ್ದು ಮಾಡ್ಯೂಲಿಗಷ್ಟೇ. ಬಳಸುವವರ ಫೈಲಿಗೆ ಅದು ತಟ್ಟಬೇಕಾದರೆ ಮಾಡ್ಯೂಲಿನ ಇಂಪೋರ್ಟ್ ಫಂಕ್ಷನ್ನಿನೊಳಗಿಂದ, ಎಚ್ಚರಿಕೆಗಳನ್ನು ನೋಡಿಕೊಳ್ಳುವ ವಾರ್ನಿಂಗ್ಸ್ ಮಾಡ್ಯೂಲಿನ ಅನ್‌ಇಂಪೋರ್ಟ್ ಎಂಬ ನಂದಿಸುವ ಫಂಕ್ಷನ್ನನ್ನು ಕರೆಯಬೇಕು. ಮಾಡ್ಯೂಲನ್ನು ಎಳೆದುಕೊಂಡು ಅದರ ಇಂಪೋರ್ಟನ್ನು ಕರೆಯುವ ‘ಯೂಸ್’ ಸಾಲು ಕಂಪೈಲಿನ ಹೊತ್ತಿಗೇ, ಅಂದರೆ ಪರ್ಲ್ ಕೋಡನ್ನು ಓದಿ ಸಿದ್ಧಪಡಿಸುವಾಗಲೇ, ಓಡುತ್ತದೆ, ಹಾಗಾಗಿ ಪರಿಣಾಮ ಆ ಕ್ಷಣ ಕಂಪೈಲ್ ಆಗುತ್ತಿರುವ ಫೈಲಿನ ಮೇಲೆ. ನಂದಿಸುವುದೂ ಸಿಗ್ನೇಚರಿನ ಎಚ್ಚರಿಕೆಯ ಒಂದೇ ವರ್ಗವನ್ನು, ಹೆಸರು ಹಿಡಿದು. ಹೊಸ ವಾಕ್ಯರಚನೆ ಕೊಟ್ಟವನೇ ಅದರ ಗದ್ದಲವನ್ನೂ ಹೊರಬೇಕೆಂಬುದು ನನ್ನ ಹಟ.

ಸಿ ಭಾಷೆಯ ಕಂಪೈಲರ್ ಆದ ಜಿಸಿಸಿಯವರು ಇದನ್ನು ಇನ್ನೂ ಚಿಕ್ಕದಾಗಿ ಮುಗಿಸಿದ್ದಾರೆ. ಪೆಡಾಂಟಿಕ್ ಸ್ವಿಚ್ಚು ಹಾಕಿದರೆ ಗ್ನೂ ವಿಸ್ತರಣೆಗಳಲ್ಲಿ (ಭಾಷೆಯ ಮಾನಕದಲ್ಲಿಲ್ಲದ ಹೆಚ್ಚುವರಿ ಸೌಲಭ್ಯಗಳು) ಹಲವನ್ನು ಕಂಡು ದೂರುವ ಕಂಪೈಲರ್, ‘ಎಕ್ಸ್‌ಟೆನ್ಷನ್’ ಎಂಬ ಪದವನ್ನು ಹಿಂದೆ ಮುಂದೆ ಎರಡೆರಡು ಅಡಿಗೆರೆ ಕೊಟ್ಟು ಮುಂದಿಟ್ಟರೆ, ಅದರ ನಂತರ ಬರುವ ಅಭಿವ್ಯಕ್ತಿಯ ಮಟ್ಟಿಗೆ ಸುಮ್ಮನಾಗುತ್ತದೆ. ಮ್ಯಾಕ್ರೋದೊಳಗೆ (ಬಳಸಿದಲ್ಲೆಲ್ಲ ತಾನೇ ಬಿಚ್ಚಿಕೊಳ್ಳುವ ಕೋಡಿನ ಅಡ್ಡಹೆಸರು) ಅದನ್ನು ಹುದುಗಿಸಿಟ್ಟರೆ ಬಳಸುವವನಿಗೆ ಸುಳಿವೂ ಸಿಗದು.

ಸೋಮವಾರ ನಾವಿಬ್ಬರೂ ಕೂತು ಮಾಡ್ಯೂಲನ್ನು ಸರಿಪಡಿಸಿ ಎಕ್ಸ್ ಕಿತ್ತೆವು. ಒಂದು ಫೈಲ್ ಮಾತ್ರ ಇನ್ನೂ ಗೊಣಗುತ್ತಿತ್ತು. ತೆರೆದು ನೋಡಿದರೆ ಮಾಡ್ಯೂಲಿನ ಸಾಲು ಮೇಲೆ, ‘ಯೂಸ್ ವಾರ್ನಿಂಗ್ಸ್’ ಅದರ ಕೆಳಗೆ. ಎಲ್ಲ ಎಚ್ಚರಿಕೆಗಳನ್ನೂ ಹೊತ್ತಿಸುವ ಆ ಸಾಲು ನಾವು ಆರಿಸಿದ್ದನ್ನೂ ಮತ್ತೆ ಹೊತ್ತಿಸಿತ್ತು. ಎರಡನ್ನೂ ಅದಲುಬದಲು ಮಾಡಿದೆ. ಹುಡುಗ ಏನೂ ಅನ್ನಲಿಲ್ಲ. ಆ ಫೈಲ್ ಬರೆದವನು ನಾನು.