ಆತ್ಮಕಥೆ ಓದಿದರೆ ಇತಿಹಾಸ ಓದಿದಂತೆಯೇ?

ಪ್ರಶ್ನೆ: "ಸರ್, ಪಾಠಪುಸ್ತಕದಾಗ ಬರೇ ಇಸ್ವಿ ಇರ್ತಾವ. ಅದರ ಬದ್ಲಿ ಜೀವನಚರಿತ್ರೆ, ಆತ್ಮಕಥಿ ಓದಿದ್ರ ಸಾಕಲ್ರಿ? ಕಣ್ಣಾರೆ ಕಂಡವರು ಬರೆದದ್ದು ಸುಳ್ಳ್ ಹ್ಯಾಂಗ ಆಗ್ತದ?"

ಕಲಬುರಗಿಯಲ್ಲಿ ಪರೀಕ್ಷೆಗೆ ಓದುವ ಪ್ರತಿ ತಂಡದವರೂ ಇದನ್ನೇ ಕೇಳುತ್ತಾರೆ. ಮೊದಲರ್ಧಕ್ಕೆ ಉತ್ತರ ಚಿಕ್ಕದು: ಓದಿ, ಆದರೆ ಅಷ್ಟೇ ಸಾಲದು. ತಲೆನೋವಿರುವುದು ಎರಡನೇ ಅರ್ಧದಲ್ಲಿ.

ಕಣ್ಣಾರೆ ಕಂಡವರು ಅಂತೀರಲ್ಲ, ಏನನ್ನು ಕಂಡವರು? ಸುರಪುರವನ್ನೇ ನೋಡಿ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಅಲ್ಲಿಗೆ ಬಂದ. ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಕಾರುಬಾರು ನಡೆಸಿ 1853ರಲ್ಲಿ ಹೊರಟ. ಆ ವರ್ಷಗಳ ಮಟ್ಟಿಗೆ ಅವನ ಆತ್ಮಕಥೆ ಓದಲೇಬೇಕಾದದ್ದು. ಆದರೆ ರಾಜನ ತಾಯಿ ರಾಣಿ ಈಶ್ವರಮ್ಮನ ಜತೆ ಅವನಿಗೆ ಜಗಳವಿತ್ತು, ಅವಳು ಆತ್ಮಕಥೆ ಬರೆಯಲಿಲ್ಲ. ಹೀಗಾಗಿ ನಮಗೆ ಸಿಗುವುದು ವಾದಿಯ ಮಾತಷ್ಟೇ.

ಮುಂದೆ ಬನ್ನಿ. 1858ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನ್ಯ ಸುರಪುರದ ಮೇಲೆ ಬಿದ್ದಾಗ ಟೇಲರ್ ಬೆರಾರ್ ಕಡೆ ಇದ್ದ. ಸೆರೆಯಲ್ಲಿದ್ದ ರಾಜನನ್ನು ಆಮೇಲೆ ಭೇಟಿಯಾದದ್ದು ಖರೆ. ಆದರೆ ಚೆಂಗಲ್ಪಟ್ಟಿನ ದಾರಿಯಲ್ಲಿ ರಾಜ ಗುಂಡೇಟಿಗೆ ಸತ್ತ ಜಾಗದಲ್ಲಿ ಅವನಿರಲಿಲ್ಲ. ತಾನೇ ಹೊಡೆದುಕೊಂಡನೋ, ಹೊಡೆದರೋ ಎಂಬ ವಾದ ನಮ್ಮ ಕಡೆ ಇನ್ನೂ ಮುಗಿದಿಲ್ಲ. ಪುಸ್ತಕದಲ್ಲಿ ಮಾತ್ರ ಕಂಡದ್ದಕ್ಕೂ ಕೇಳಿದ್ದಕ್ಕೂ ಒಂದೇ ದನಿ. ಅದು ಅಚ್ಚಾದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ, ಮಗಳ ಕೈಯಿಂದ. ಸುಳ್ಳು ಬರೆದ ಎನ್ನುತ್ತಿಲ್ಲ, ಸ್ವಾಮಿ. ಸುಳ್ಳು ಹೇಳದೆಯೂ ತಪ್ಪು ಹೇಳಬಹುದು, ಇದನ್ನು ಎಷ್ಟು ಸಲ ಹೇಳಬೇಕೋ!

ಅದಕ್ಕೇ ಪೆನ್ಸಿಲ್ ಹಿಡಿದು ಓದಿ. ಪ್ರತಿ ಘಟನೆಯ ಪಕ್ಕ ಮೂರು ವಿಷಯ ಗುರುತು ಹಾಕಿ: ನಡೆದ ತಾರೀಖು, ಆಗ ಬರೆದವನಿದ್ದ ಊರು, ಬರೆದ ವರ್ಷ. ಊರು ಬೇರೆಯಾದರೆ ಅಂಚಿನಲ್ಲಿ 'ಕೇಳಿದ್ದು' ಎಂದು ಬರೆಯಿರಿ. ಆಮೇಲೆ ಎದುರು ಪಕ್ಷದವರದು ಒಂದು ಓದಿ. ಇಬ್ಬರೂ ಒಪ್ಪಿದ್ದನ್ನು ಮೊದಲು ನೋಟ್ಸಿಗೆ ಇಳಿಸಿ. ಬೇರೆಯವರು ಬರೆದ ಚರಿತ್ರೆಗೂ ಇದೇ ಪರೀಕ್ಷೆ. ಬೀದರಿನ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಕೊಲೆಯಾದದ್ದು 1481ರಲ್ಲಿ. ಖೊಟ್ಟಿ ಪತ್ರ ತೋರಿಸಿ ಅವನನ್ನು ದ್ರೋಹಿ ಎನಿಸಿದ ಕಥೆಯನ್ನು ವಿವರವಾಗಿ ಹೇಳುವ ಇತಿಹಾಸಕಾರ ಫೆರಿಶ್ತಾ ಬರೆದದ್ದು ನೂರು ವರ್ಷದ ಮೇಲೆ. ಗವಾನನ ಸ್ವಂತ ಪತ್ರಗಳೂ ಉಳಿದಿವೆ, ಅತ್ತ ಯಾರೂ ತಿರುಗಿ ನೋಡುವುದಿಲ್ಲ.

ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ನಿಜಾಮ ಕಾಲದವರ ನೆನಪುಗಳಲ್ಲಿ '1357' ಎಂದು ಕಂಡರೆ ಗಾಬರಿಯಾಗಬೇಡಿ, ಅದು ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. ಇಸ್ವಿ ಬೇಕಾದರೆ 590 ಕೂಡಿಸಿ. ಆದರೆ ಹೈದರಾಬಾದಿನ ಫಸಲಿ ವರ್ಷ ಶುರುವಾಗುತ್ತಿದ್ದದ್ದು ಅಕ್ಟೋಬರಿನಲ್ಲಿ. ಜನವರಿಯಿಂದ ಸೆಪ್ಟೆಂಬರ್‌ವರೆಗಿನ ಘಟನೆಗೆ 591 ಕೂಡಿಸಬೇಕು. ಇದನ್ನು ಮರೆತರೆ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ 1948ರ ಬದಲು 1947ರ ಸೆಪ್ಟೆಂಬರಿಗೆ ಹೋಗಿ ಕೂಡುತ್ತದೆ. ಅದೇ ಹೊತ್ತಿನ ಹಿಜರಿ ವರ್ಷ 1367. ಅದನ್ನು ಫಸಲಿ ಎಂದುಕೊಂಡು ಲೆಕ್ಕ ಹಾಕಿದಿರೋ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೂ ನಿಜಾಮನೇ ನಮ್ಮನ್ನು ಆಳುತ್ತಿರುತ್ತಾನೆ.