ಮೂರೇ ವಿಷಯ ಕೇಳಿದ ಗುಮಾಸ್ತ: ವಿ.ಪಿ. ಮೆನನ್ ಮತ್ತು ಸಂಸ್ಥಾನಗಳ ವಿಲೀನ

ಜಮಖಂಡಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿ, ಮುಧೋಳ ದಾಟಿ, ಮಧ್ಯಾಹ್ನದ ಊಟಕ್ಕೆ ರಾಮದುರ್ಗ ಸೇರಬಹುದು. 1947ರಲ್ಲಿ ಇದೇ ದಾರಿ ಹಿಡಿದವರು ಮೂವರು ರಾಜರ ಸೀಮೆ ದಾಟುತ್ತಿದ್ದರು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಾಮದುರ್ಗದಲ್ಲಿ ಭಾವೆಯವರು. ಈ ಕಡೆಯ ಹಿರಿಯರು ಹಳೆಯ ಬಾವಿಯನ್ನೋ ಕಟ್ಟಡವನ್ನೋ ತೋರಿಸಿ ಇವತ್ತಿಗೂ 'ಅದು ಸಂಸ್ಥಾನದ ಕಾಲದ್ದು' ಅನ್ನುತ್ತಾರೆ. ಆ ಕಾಲ ಮುಗಿದದ್ದು ಹೇಗೆ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಸರ್ದಾರ್ ಪಟೇಲ್. ಅದು ಸರಿಯೇ. ಆದರೆ ಪಟೇಲರ ಪಕ್ಕದಲ್ಲಿ ಕೂತು ಕಾಗದ ಬರೆದವನ ಹೆಸರೂ ನಮ್ಮ ಬಾಯಲ್ಲಿ ಇರಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಆತ ವಪ್ಪಾಲ ಪಂಗುಣ್ಣಿ ಮೆನನ್. ಮಲಬಾರಿನ ಒಟ್ಟಪಾಲಂ ಕಡೆಯವರು. ಓದು ಅರ್ಧಕ್ಕೇ ನಿಂತಿತು. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದರು, ಬೆಂಗಳೂರಿನಲ್ಲಿ ತಂಬಾಕು ಕಂಪನಿಯೊಂದರ ಗುಮಾಸ್ತರಾಗಿದ್ದರು. 1914ರಲ್ಲಿ ಶಿಮ್ಲಾದಲ್ಲಿ ಸರ್ಕಾರದ ಗೃಹ ಇಲಾಖೆಗೆ ಸೇರಿದ್ದೂ ಗುಮಾಸ್ತರಾಗಿಯೇ. ಆಗಿನ ದೊಡ್ಡ ಹುದ್ದೆಗಳೆಲ್ಲ ಐಸಿಎಸ್, ಅಂದರೆ ಬ್ರಿಟಿಷರ ಕಾಲದ ಉನ್ನತ ನಾಗರಿಕ ಸೇವೆಯ ಪರೀಕ್ಷೆ, ಪಾಸಾದವರಿಗೆ. ಮೆನನ್ ಐಸಿಎಸ್ ಅಲ್ಲ. ಆದರೂ ಸಂವಿಧಾನ ಸುಧಾರಣೆಯ ಕಡತಗಳ ನಡುವೆಯೇ ಬೆಳೆದು, 1942ರ ಹೊತ್ತಿಗೆ ಸುಧಾರಣಾ ಆಯುಕ್ತರಾದರು. ಲಿನ್ಲಿತ್ಗೊ, ವೇವೆಲ್, ಮೌಂಟ್‌ಬ್ಯಾಟನ್ ಮೂವರು ವೈಸರಾಯ್‌ಗಳೂ ಸಂವಿಧಾನದ ವಿಷಯ ಬಂದರೆ ಇವರನ್ನು ಕೇಳುತ್ತಿದ್ದರು.

1947ರ ಮೇ ತಿಂಗಳು, ಶಿಮ್ಲಾ. ಅಧಿಕಾರ ಬಿಟ್ಟುಕೊಡಲು ಬ್ರಿಟಿಷರು ತಯಾರಿಸಿದ್ದ ಯೋಜನೆಯನ್ನು ಮೌಂಟ್‌ಬ್ಯಾಟನ್ ರಾತ್ರಿ ನೆಹರೂಗೆ ತೋರಿಸಿದರು. ಪ್ರಾಂತ್ಯಗಳೂ ಸಂಸ್ಥಾನಗಳೂ ತಂತಮ್ಮ ದಾರಿ ಹಿಡಿದು ದೇಶ ಚೂರುಚೂರಾಗುವ ಹಾಗಿತ್ತು ಅದು. ನೆಹರೂ ಕೆಂಡವಾದರು. ಮರುದಿನ ಹೊಸ ಕರಡು ಬರೆಯುವ ಕೆಲಸ ಮೆನನ್ ತಲೆಗೆ ಬಂತು. ಮಧ್ಯಾಹ್ನ ಕೂತವರು ಸಂಜೆಗೆ ಮುಗಿಸಿದರು, ಹೆಚ್ಚುಕಡಿಮೆ ನಾಲ್ಕು ಗಂಟೆಯ ಕೆಲಸ. ಜೂನ್ 3ರಂದು ಘೋಷಣೆಯಾದ ಯೋಜನೆಗೆ ಆ ಕರಡೇ ಬುನಾದಿ. ನಾಲ್ಕೇ ಗಂಟೆಯಲ್ಲಿ ಬರೆಯಲು ಆದದ್ದು ಮೂವತ್ತು ವರ್ಷ ಅದೇ ವಿಷಯ ತಲೆಯಲ್ಲಿ ಇಟ್ಟುಕೊಂಡಿದ್ದಕ್ಕೆ ಅಲ್ವಾ?

ಆ ಯೋಜನೆಯಲ್ಲೂ ಸಂಸ್ಥಾನಗಳ ಗಂಟು ಬಿಚ್ಚಿರಲಿಲ್ಲ. ದೊಡ್ಡವು ಚಿಕ್ಕವು ಸೇರಿ 550ಕ್ಕೂ ಜಾಸ್ತಿ ಸಂಸ್ಥಾನಗಳಿದ್ದವು. ಅವಿಭಜಿತ ಭಾರತದ ಐದರಲ್ಲಿ ಎರಡು ಪಾಲು ನೆಲ ಅವುಗಳದ್ದು. ಹೈದರಾಬಾದಿನಂಥ ದೇಶದಷ್ಟು ದೊಡ್ಡವೂ ಇದ್ದವು, ಈಗಿನ ಗುಜರಾತಿನ ಕಾಠಿಯಾವಾಡದಲ್ಲಿ ಅರ್ಧ ಚದರ ಮೈಲಿಯೂ ಇಲ್ಲದವೂ ಇದ್ದವು. ಬ್ರಿಟಿಷರು ಹೊರಟ ದಿನ ರಾಜರ ಮೇಲೆ ಅವರಿಗಿದ್ದ ಪರಮಾಧಿಕಾರವೂ ಮುಗಿಯುತ್ತದೆ, ಅದು ಹೊಸ ಸರ್ಕಾರಕ್ಕೆ ವರ್ಗವಾಗುವುದಿಲ್ಲ ಎಂದು ಲಂಡನ್ ಹೇಳಿಬಿಟ್ಟಿತ್ತು. ಅಂದರೆ ಆಗಸ್ಟ್ 15ರ ಬೆಳಿಗ್ಗೆ ಪ್ರತಿ ರಾಜನೂ ಕಾನೂನಿನ ಲೆಕ್ಕದಲ್ಲಿ ಸ್ವತಂತ್ರ. ತಿರುವಾಂಕೂರಿನ ದಿವಾನ ಸಿ.ಪಿ. ರಾಮಸ್ವಾಮಿ ಅಯ್ಯರ್ ಜೂನ್‌ನಲ್ಲೇ 'ನಾವು ಸ್ವತಂತ್ರರಾಗುತ್ತೇವೆ' ಎಂದು ಸಾರಿದ್ದರು.

ಜುಲೈ 5ಕ್ಕೆ ಸಂಸ್ಥಾನಗಳ ಇಲಾಖೆ ಶುರುವಾಯಿತು. ಪಟೇಲ್ ಮಂತ್ರಿ, ಮೆನನ್ ಕಾರ್ಯದರ್ಶಿ. ಸ್ವಾತಂತ್ರ್ಯ ಬಂದ ಮೇಲೆ ನಿವೃತ್ತಿ ತೆಗೆದುಕೊಳ್ಳಬೇಕೆಂದು ಮೆನನ್ ಲೆಕ್ಕ ಹಾಕಿದ್ದರು. ಇದು ವಿಶ್ರಾಂತಿಯ ಹೊತ್ತಲ್ಲ ಎಂದು ಪಟೇಲ್ ಬಿಡಲಿಲ್ಲ. ಕೈಯಲ್ಲಿ ಇದ್ದದ್ದು ಆರೇ ವಾರ.

ಮೆನನ್ ಜಾಣತನ ಕಾಣುವುದು ಇಲ್ಲಿ. ಬ್ರಿಟಿಷರು ತಂದ 1935ರ ಭಾರತ ಸರ್ಕಾರ ಕಾಯಿದೆಯಲ್ಲೇ ರಾಜರು ಒಕ್ಕೂಟಕ್ಕೆ ಸೇರಲು 'ಸೇರ್ಪಡೆ ಪತ್ರ' ಎಂಬುದೊಂದು ಇತ್ತು. ಆಗ ರಾಜರು ವರ್ಷಗಟ್ಟಲೆ ಚೌಕಾಸಿ ಮಾಡಿ ಕೊನೆಗೆ ಸೇರಲೇ ಇಲ್ಲ. ಅವರು ಯಾವುದಕ್ಕೆ ತಕರಾರು ತೆಗೆಯುತ್ತಾರೆ ಎಂಬುದು ಮೆನನ್‌ಗೆ ಕಡತದಿಂದಲೇ ಗೊತ್ತಿತ್ತು. ಹಾಗಾಗಿ ಈ ಸಲ ಮೂರೇ ವಿಷಯ ಕೇಳಿದರು: ರಕ್ಷಣೆ, ವಿದೇಶಾಂಗ, ಸಂಪರ್ಕ. ಸೈನ್ಯದ ಮಾತು, ಹೊರದೇಶದ ಮಾತು ಬ್ರಿಟಿಷರ ಕಾಲದಲ್ಲೂ ರಾಜರ ಕೈಯಲ್ಲಿ ಇರಲಿಲ್ಲ. ರೈಲು, ಅಂಚೆ, ತಂತಿ ಬಹುಮಟ್ಟಿಗೆ ಹಾಗೆಯೇ. ಇಲ್ಲದ್ದನ್ನು ಕೊಡಲು ಯಾರಿಗೆ ಸಂಕಟ? ಹಣದ ಹೊರೆ ಇಲ್ಲ, ಒಳಾಡಳಿತಕ್ಕೆ ಕೈ ಹಾಕುವುದಿಲ್ಲ ಎಂಬ ಭರವಸೆಯೂ ಇತ್ತು. ಜೊತೆಗೆ ಇನ್ನೊಂದು ಕಾಗದ, ಯಥಾಸ್ಥಿತಿ ಒಪ್ಪಂದ: ಹಳೆಯ ವ್ಯವಹಾರಗಳೆಲ್ಲ ಸದ್ಯಕ್ಕೆ ಇದ್ದ ಹಾಗೇ ನಡೆಯಲಿ ಎಂಬುದು. ಸೇರ್ಪಡೆ ಪತ್ರಕ್ಕೆ ರುಜು ಹಾಕಿದವರಿಗೇ ಇದೂ ಸಿಗುವುದು ಎಂದು ಎರಡನ್ನೂ ಗಂಟು ಹಾಕಿದರು.

ರಾಜರಿಗೆ ಇದನ್ನು ಹೇಳಬೇಕಾದವರು ಮೌಂಟ್‌ಬ್ಯಾಟನ್ ಎಂಬ ಸಲಹೆಯೂ ಮೆನನ್‌ದೇ. ಬ್ರಿಟನ್ ರಾಜನ ಸಂಬಂಧಿ ಹೇಳಿದರೆ ಸಂಸ್ಥಾನಿಕರು ಕಿವಿಗೊಡುತ್ತಾರೆ ಎಂಬ ಲೆಕ್ಕ. ಜುಲೈ 25ರಂದು ನರೇಂದ್ರ ಮಂಡಲದ, ಅಂದರೆ ಸಂಸ್ಥಾನಿಕರ ಕೂಟದ, ಸಭೆಯಲ್ಲಿ ಮೌಂಟ್‌ಬ್ಯಾಟನ್ ಮಾತಾಡಿದರು. ಅದೇ ದಿನ ತಿರುವನಂತಪುರದಲ್ಲಿ ರಾಮಸ್ವಾಮಿ ಅಯ್ಯರ್ ಮೇಲೆ ಕತ್ತಿಯ ಹಲ್ಲೆಯಾಯಿತು. ಐದು ದಿನದಲ್ಲಿ ತಿರುವಾಂಕೂರು ಸೇರಿಕೊಂಡಿತು. ಮೈಸೂರು ಆಗಸ್ಟ್ 9ರಂದು ರುಜು ಹಾಕಿತು.

ಜೋಧಪುರದ ಹನುವಂತ ಸಿಂಗ್‌ಗೆ ಆಗ 24 ವರ್ಷ. ಪಟ್ಟಕ್ಕೆ ಬಂದು ಎರಡು ತಿಂಗಳು. ಪಾಕಿಸ್ತಾನಕ್ಕೆ ಸೇರಲಿ ಎಂದು ಜಿನ್ನಾ ಈ ಮಹಾರಾಜರನ್ನು ಕರೆದು ಕರಾಚಿ ಬಂದರಿನ ಸವಲತ್ತಿನಂಥ ಆಸೆಗಳನ್ನು ಮುಂದಿಟ್ಟಿದ್ದರು. ಸುದ್ದಿ ತಿಳಿದ ಮೆನನ್ ಹೋಟೆಲಿಗೆ ಹೋಗಿ ಮಹಾರಾಜರನ್ನು ವೈಸರಾಯ್ ಬಳಿಗೆ ಕರೆತಂದರು. ಒಪ್ಪಿಗೆಯಾಯಿತು. ಮೌಂಟ್‌ಬ್ಯಾಟನ್ ಎದ್ದು ಹೊರಗೆ ಹೋದರು. ಕೋಣೆಯಲ್ಲಿ ಇಬ್ಬರೇ. ರುಜು ಹಾಕಿದ ಪೆನ್ನಿನ ಮುಚ್ಚಳ ತೆಗೆದರೆ ಒಳಗಿದ್ದದ್ದು ಪುಟ್ಟ ಪಿಸ್ತೂಲು. ಮಹಾರಾಜರು ಅದನ್ನು ಮೆನನ್ ಕಡೆ ಹಿಡಿದು, ನಿಮ್ಮ ಅಪ್ಪಣೆಗೆ ಬಗ್ಗುವವನಲ್ಲ ಎಂದರು. ಹುಡುಗಾಟ ಬಿಡಿ, ನನ್ನನ್ನು ಕೊಂದರೂ ಬೆದರಿಸಿದರೂ ಸೇರ್ಪಡೆ ರದ್ದಾಗುವುದಿಲ್ಲ ಎಂದರಂತೆ ಮೆನನ್. ಗಣಿಯಲ್ಲಿ ದುಡಿದು ಬಂದ ಮನುಷ್ಯ, ಎದುರಿಗೆ ಮಹಾರಾಜ. ಆ ಧೈರ್ಯವನ್ನು ಯಾವ ಪರೀಕ್ಷೆ ಪಾಸು ಮಾಡಿಸಿ ಕೊಡುತ್ತದೆ?

ಆಗಸ್ಟ್ 15ರ ಹೊತ್ತಿಗೆ ಮೂರು ಸಂಸ್ಥಾನ ಬಿಟ್ಟು ಭಾರತದ ಕಡೆಯವು ಹೆಚ್ಚುಕಡಿಮೆ ಎಲ್ಲವೂ ಸೇರಿದ್ದವು. ಉಳಿದ ಮೂರು ಜುನಾಗಢ, ಕಾಶ್ಮೀರ, ಹೈದರಾಬಾದ್. ಆ ಕತೆಗಳನ್ನು ನಾವೆಲ್ಲ ಬೇಕಾದಷ್ಟು ಕೇಳಿದ್ದೇವೆ. ಕಾಶ್ಮೀರದ ಮೇಲೆ ದಾಳಿಯಾದಾಗ ಅಕ್ಟೋಬರ್ 25ರಂದು ಶ್ರೀನಗರಕ್ಕೆ ವಿಮಾನದಲ್ಲಿ ಹೋದದ್ದೂ ಮೆನನ್ ಎಂಬುದಷ್ಟನ್ನು ನೆನಪಿಸಿ ಮುಂದೆ ಹೋಗುತ್ತೇನೆ.

ಏಕೆಂದರೆ ನಿಜವಾದ ಕಷ್ಟದ ಕೆಲಸ ಆಮೇಲೆ ಬಂತು. ಮೂರು ವಿಷಯ ಕೊಟ್ಟ ರಾಜ ಇನ್ನೂ ರಾಜನೇ. ಅವನ ಪೊಲೀಸು, ಅವನ ತೆರಿಗೆ, ಅವನ ಕೋರ್ಟು. ಪ್ರಜೆಗಳು ಸುಮ್ಮನಿರಲಿಲ್ಲ. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ನಡೆದು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಒಡಿಶಾದ ನೀಲಗಿರಿ ಎಂಬ ಚಿಕ್ಕ ಸಂಸ್ಥಾನದಲ್ಲಿ ಗಲಭೆಯಾಗಿ ನವೆಂಬರ್‌ನಲ್ಲಿ ಸರ್ಕಾರವೇ ಆಡಳಿತ ವಹಿಸಿಕೊಳ್ಳಬೇಕಾಯಿತು. ಜನ ಹೀಗೆ ಬೀದಿಗಿಳಿಯದಿದ್ದರೆ ಮೆನನ್ ಕರಡುಗಳಿಗೆ ಅಷ್ಟು ಬಲ ಬರುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಪಟೇಲ್ ಮತ್ತು ಮೆನನ್ ಕಟಕ್‌ಗೆ, ಅಲ್ಲಿಂದ ನಾಗಪುರಕ್ಕೆ ಹೋಗಿ ಒಡಿಶಾ, ಛತ್ತೀಸಗಢದ ರಾಜರಿಂದ ಪೂರ್ತಿ ವಿಲೀನಕ್ಕೇ ರುಜು ತಂದರು. 1948ರ ಫೆಬ್ರವರಿಯಲ್ಲಿ ಕಾಠಿಯಾವಾಡದ ಇನ್ನೂರಕ್ಕೂ ಜಾಸ್ತಿ ತುಂಡುಗಳು ಸೇರಿ ಸೌರಾಷ್ಟ್ರವಾಯಿತು. ಮಾರ್ಚ್‌ನಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಸಂಡೂರು 1949ರಲ್ಲಿ ಮದರಾಸಿಗೆ ಹೋಯಿತು. ಇವೆಲ್ಲ ಒಂದೇ ಕನ್ನಡ ರಾಜ್ಯಕ್ಕೆ ಬರಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಆದರೆ ರಾಜರ ಗಡಿಗಳು ಮೊದಲೇ ಅಳಿಸಿಹೋಗಿದ್ದರಿಂದ ಆ ಕೆಲಸ ಹಗುರಾಯಿತು.

'ಒಳಾಡಳಿತಕ್ಕೆ ಕೈ ಹಾಕುವುದಿಲ್ಲ' ಎಂದವರು ಆರು ತಿಂಗಳಲ್ಲೇ ಪೂರ್ತಿ ಸಂಸ್ಥಾನ ಕೇಳಿದರು. ಕೊಟ್ಟ ಮಾತು ಏನಾಯಿತು? ಈ ಪ್ರಶ್ನೆಯನ್ನು ಮುಚ್ಚಿಡಬಾರದು. ಪ್ರಜೆಗಳ ಕಡೆಯಿಂದ ನೋಡಿದರೆ ಆದದ್ದು ಒಳ್ಳೆಯದೇ ಎಂಬುದು ನನ್ನ ನಂಬಿಕೆ. ಆದರೆ ಮೆನನ್‌ಗೆ ಅದರ ಭಾರ ಗೊತ್ತಿತ್ತು. ಅದಕ್ಕೇ ರಾಜಧನದ ಮಾತು ಬಂತು. ರಾಜ್ಯ ಬಿಟ್ಟುಕೊಟ್ಟವರಿಗೆ ವರ್ಷಕ್ಕೆ ಇಷ್ಟು ಹಣ ಎಂದು ಒಪ್ಪಂದಗಳಲ್ಲೇ ಬರೆದರು, ಸಂವಿಧಾನದ 291ನೇ ವಿಧಿಯಲ್ಲೂ ಸೇರಿಸಿದರು. ಎಲ್ಲ ಸೇರಿ ವರ್ಷಕ್ಕೆ ಸುಮಾರು 5.8 ಕೋಟಿ ರೂಪಾಯಿ. ರಕ್ತ ಹರಿಯದೆ ಅಷ್ಟು ನೆಲ ಸಿಕ್ಕಿದ್ದಕ್ಕೆ ಇದು ಜಾಸ್ತಿ ಬೆಲೆಯಲ್ಲ ಎಂಬುದು ಪಟೇಲರ, ಮೆನನ್‌ರ ವಾದ.

ಪಟೇಲ್ 1950ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮರುವರ್ಷ ಮೆನನ್ ಸ್ವಲ್ಪ ಕಾಲ ಒಡಿಶಾದ ರಾಜ್ಯಪಾಲರಾಗಿದ್ದರು. ಆಮೇಲೆ ದೆಹಲಿಯಲ್ಲಿ ಅವರಿಗೆ ದೊಡ್ಡ ಜಾಗ ಸಿಗಲಿಲ್ಲ. ಹಳೆಯ ದಿನಗಳ ಬಗ್ಗೆ ಎರಡು ದಪ್ಪ ಪುಸ್ತಕ ಬರೆದರು. ಒಂದು ಕಾಲದಲ್ಲಿ ಗುಮಾಸ್ತರಾಗಿ ದುಡಿದ ಬೆಂಗಳೂರಿಗೇ ಬಂದು ನೆಲೆಸಿದರು. 1965ರ ಡಿಸೆಂಬರ್ 31ರಂದು ತೀರಿಕೊಂಡರು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನು ರದ್ದು ಮಾಡಿದಾಗ, ಆ ಒಪ್ಪಂದಗಳಿಗೆ ರುಜು ಹಾಕಿಸಿದ ಇಬ್ಬರೂ ಇರಲಿಲ್ಲ.