ಘಾಟ್ ಹತ್ತೋದು ಸುಲಭ, ಇಳಿಯೋದು ನೋಡಿ

ರಾತ್ರಿ ಹತ್ತೂವರೆಗೆ ಬೆಳಗಾವಿ ಟಿಳಕವಾಡಿಯ ನಮ್ಮ ಮನೆಯಲ್ಲಿ ಎರಡು ರೈಲಿನ ಸದ್ದು. ಒಂದು ಸೆಕೆಂಡ್ ಗೇಟ್ ಕಡೆಯಿಂದ. ಇನ್ನೊಂದು ನನ್ನ ಲ್ಯಾಪ್‌ಟಾಪಿನಿಂದ, ಸ್ವಿಟ್ಜರ್ಲೆಂಡಿನ ಅರೋಸಾದಿಂದ ಕೂರ್ ಊರಿಗೆ ಇಳಿಯುವ ಗಾಡಿ.

ಕಂಪ್ಯೂಟರಿನಲ್ಲೇ ರೈಲು ಓಡಿಸುವ ಈ ಸಿಮ್ಯುಲೇಟರ್ ಆಟ ಹಿಡಿದದ್ದು ಸುಮ್ನೆ ಗುಡ್ಡ, ಹಿಮ, ಸೇತುವೆ ನೋಡೋಣ ಅಂತ. ನೋಡಿದ್ದು ಕಮ್ಮಿ. ಚೆಂದದ ದಾರಿ ಅಂದರೆ ಗುಡ್ಡದ ದಾರಿ. ಗುಡ್ಡ ಅಂದಮೇಲೆ ಇಳಿಜಾರು ಇದ್ದೇ ಇರುತ್ತದೆ. "ಮಾಮಾ, ನೀವು ಗಾಡಿ ಓಡಸಂಗಿಲ್ಲ, ಬರೇ ಬ್ರೇಕ್ ಹಾಕ್ತೀರಿ ನೋಡ್ರಿ" ಅಂತ ಅಳಿಯ ನಗುತ್ತಾನೆ. ಅವನು ಹೇಳಿದ್ದು ಖರೇನೇ.

ಚಕ್ರವೂ ಉಕ್ಕು, ಹಳಿಯೂ ಉಕ್ಕು. ಎರಡೂ ತಾಗುವ ಜಾಗ ಒಂದು ಸಣ್ಣ ನಾಣ್ಯದಷ್ಟು. ಅದಕ್ಕೇ ಸಮತಟ್ಟಾದ ಹಳಿ ಮೇಲೆ ಒಂದು ಟನ್ ಭಾರ ಉರುಳಲು ಎರಡು ಮೂರು ಕೆಜಿ ಬಲ ಸಾಕು. ರೈಲಿಗೆ ಲಾಭ ತರುವ ಈ ಗುಣವೇ ಘಾಟಿನಲ್ಲಿ ತಲೆನೋವು. ನಾವು ಗೋವಾಕ್ಕೆ ಹೋಗುವಾಗ ಲೋಂಡಾ ದಾಟಿ, ಕ್ಯಾಸಲ್‌ರಾಕಿನಿಂದ ದೂಧಸಾಗರದ ಪಕ್ಕ ಇಳಿಯುತ್ತೇವಲ್ಲ, ಅಲ್ಲಿ 37 ಮೀಟರ್ ಹೋದರೆ 1 ಮೀಟರ್ ಇಳಿತ. ಬೈಕಿಗೆ ಅದು ಲೆಕ್ಕಕ್ಕೇ ಇಲ್ಲ. 1000 ಟನ್ನಿನ ಗಾಡಿಯನ್ನಾದರೆ 27 ಟನ್ ಬಲ ಕೆಳಗೆ ಎಳೆಯುತ್ತದೆ. ಅಂಥ ಗಾಡಿ 100 ಮೀಟರ್ ಎತ್ತರ ಇಳಿದರೆ ಸುಮಾರು 270 ಯೂನಿಟ್ ಕರೆಂಟಿನಷ್ಟು ಶಕ್ತಿ ಎಲ್ಲಾದರೂ ಹೋಗಲೇಬೇಕು. ಬ್ರೇಕ್ ಕಾದು ಹೋಗಬೇಕು, ಇಲ್ಲವೇ ಇಂಜಿನ್ನಿನ ಮೋಟಾರೇ ಜನರೇಟರ್ ಆಗಿ ಅದನ್ನು ಹೀರಬೇಕು. ಅರೋಸಾ ದಾರಿಯ ಇಳಿಜಾರು ಇದರ ಎರಡು ಪಟ್ಟಿಗೂ ಜಾಸ್ತಿ: 1000ಕ್ಕೆ 60.

ಏರ್ ಬ್ರೇಕಿನದು ಉಲ್ಟಾ ಲೆಕ್ಕ. ಗಾಡಿಯುದ್ದಕ್ಕೂ ಇರುವ ಪೈಪಿನಲ್ಲಿ ಗಾಳಿ ತುಂಬಿದರೆ ಬ್ರೇಕ್ ಬಿಡುತ್ತದೆ, ಗಾಳಿ ಇಳಿದರೆ ಹಿಡಿಯುತ್ತದೆ. ನಮ್ಮ ರೈಲುಗಳ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡ. ಡಬ್ಬಿ ಕಳಚಿ ಪೈಪ್ ಹರಿದರೂ ಗಾಡಿ ತಾನಾಗಿ ನಿಲ್ಲಲಿ ಅಂತ ಅಮೆರಿಕದ ಸಂಶೋಧಕ ಜಾರ್ಜ್ ವೆಸ್ಟಿಂಗ್‌ಹೌಸ್ 1872ರ ಹೊತ್ತಿಗೇ ಹೂಡಿದ ಉಪಾಯ ಇದು. ಯಾರೋ ಚೈನ್ ಎಳೆದಾಗ ಬುಸ್ ಅನ್ನುತ್ತದಲ್ಲ, ಅದೇ ಗಾಳಿ.

ಆಟದಲ್ಲಿ ಅಮೆರಿಕದ ಮರಾಯಸ್ ಪಾಸ್ ಅನ್ನೋ ಘಾಟಿನಲ್ಲಿ ಗೂಡ್ಸ್ ಇಳಿಸುವಾಗ ನನಗೆ ಇದು ಅರ್ಥವಾಯಿತು. ಬ್ರೇಕ್ ಹಾಕಿದೆ, ಬಿಟ್ಟೆ, ಮತ್ತೆ ಹಾಕಿದೆ, ಮತ್ತೆ ಬಿಟ್ಟೆ. ಅಲ್ಲಿಯ ಪ್ರತಿ ವ್ಯಾಗನ್ನಿನಲ್ಲೂ ಬ್ರೇಕ್ ಒತ್ತಲು ಒಂದು ಗಾಳಿ ಟ್ಯಾಂಕ್ ಇರುತ್ತದೆ. ಬ್ರೇಕ್ ಹಾಕಿದಾಗೆಲ್ಲ ಅದು ಖರ್ಚಾಗುತ್ತದೆ, ಬಿಟ್ಟಾಗ ನಿಧಾನವಾಗಿ ತುಂಬುತ್ತದೆ. ನಾನು ತುಂಬಲು ಬಿಡಲೇ ಇಲ್ಲ. ನಾಲ್ಕನೇ ಸಲ ಹ್ಯಾಂಡಲ್ ಎಳೆದರೆ ಬ್ರೇಕಿಗೆ ದಮ್ಮೇ ಇಲ್ಲ. ಸ್ಪೀಡಿನ ಮುಳ್ಳು ಏರುತ್ತಲೇ ಹೋಯಿತು, ಗಾಡಿ ತಿರುವಿನಲ್ಲಿ ಮಗುಚಿತು. ಅಳಿಯ ಚಪ್ಪಾಳೆ ತಟ್ಟಿದ.

ಮೊದಲೇ ನಿಧಾನ ಮಾಡಿ, ಹಗುರವಾಗಿ ಬ್ರೇಕ್ ಹಾಕಿ ಹಾಗೇ ಹಿಡಿದಿರಬೇಕು, ಉಳಿದದ್ದು ಮೋಟಾರಿಗೆ. ಈಗ ಅರೋಸಾ ಗಾಡಿ ನಾನು ಹೇಳಿದ ವೇಗಕ್ಕೇ ಇಳಿಯುತ್ತದೆ. ದಾರಿಯಲ್ಲಿ ಲಾಂಗ್ವೀಸ್ ಸೇತುವೆ ಬರುತ್ತದೆ, 62 ಮೀಟರ್ ಎತ್ತರ. ನೋಟ ಭಾಳ ಚೆಂದ ಅಂತ ಪಕ್ಕದಲ್ಲಿ ಕೂತ ಅಳಿಯ ಹೇಳುತ್ತಾನೆ. ನನ್ನ ಕಣ್ಣು ಇನ್ನೂ ಸ್ಪೀಡಿನ ಮುಳ್ಳಿನ ಮೇಲೇ ಇದೆ.